ಹೋಬರ್ಟಜ್ಜ ಗುರುತು ಹಾಕಿದ ಜಾಗ

ಗಣಿ ಕಂಪನಿಗಳು ಕಾಗದ ತುಂಬಿ ಕಳಿಸುವ ಪೆಟ್ಟಿಗೆಗಳನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಹೇಳಬೇಕಾದ್ದು ಒಂದು ಮಾತು, ಅದನ್ನು ಮುಚ್ಚಿಡಲು ನಾನೂರು ಪುಟ. ಇಪ್ಪತ್ತೆರಡು ವರ್ಷದಿಂದ ರಾಜ್ಯದ ಗಣಿ ಪರವಾನಗಿ ಕಚೇರಿಯಲ್ಲಿ ನೀರಿನ ವಿಷಯ ನೋಡಿಕೊಳ್ಳುತ್ತಿದ್ದೇನೆ. ಕಲ್ಲಿದ್ದಲಿಗಾಗಿ ಗುಡ್ಡದ ನೆತ್ತಿ ಬೋಳಿಸುವವರು ಎಲ್ಲಿ ಅಗೆಯುತ್ತಾರೆ, ಅಗೆದ ಕಲ್ಲುಮಣ್ಣು ಎಲ್ಲಿ ಸುರಿಯುತ್ತಾರೆ, ಅದರಿಂದ ಯಾರ ಬಾವಿ ಕೆಡುತ್ತದೆ ಎಂದು ಪರಿಶೀಲಿಸಿ ಸಹಿ ಹಾಕುವುದು, ಇಲ್ಲವೆ ಹಾಕದಿರುವುದು ನನ್ನ ಕೆಲಸ. ಎದುರಿಗೆ ನನ್ನನ್ನು ವರ್ನಾ ಸ್ಟಿಡಮ್ ಎಂದು ಕರೆಯುತ್ತಾರೆ. ಬೆನ್ನ ಹಿಂದೆ ಬೇರೇನೋ ಕರೆಯುತ್ತಾರಂತೆ, ಕರೆದುಕೊಳ್ಳಲಿ.

ಆ ವರ್ಷ ಮೇ ತಿಂಗಳಲ್ಲಿ ಬಂದ ಪೆಟ್ಟಿಗೆ ಸ್ಪೈಸ್‌ವುಡ್ ಕೊಳ್ಳದ ಗಣಿಯದು. ಹನ್ನೆರಡು ವರ್ಷದಿಂದ ನಡೆಯುತ್ತಿದ್ದ ಗಣಿ. ಈಗ ಪರವಾನಗಿಯನ್ನು ಪರಿಷ್ಕರಿಸಿ ಇನ್ನೂ ಎಂಬತ್ತು ಎಕರೆ ಸೇರಿಸಿಕೊಡಿ, ಅಗೆದದ್ದನ್ನೆಲ್ಲ ಕೊಳ್ಳದ ತಲೆಭಾಗಕ್ಕೆ ಸುರಿಯಲು ಬಿಡಿ ಎಂದು ಅರ್ಜಿ. ಆ ತಲೆಭಾಗದಲ್ಲಿ ಒಂದು ಸಣ್ಣ ಹಳ್ಳವಿದೆ. ಕಾನೂನು ಸರಳವಾಗಿದೆ. ಬೇಸಿಗೆಯಲ್ಲೂ, ಅಂದರೆ ನಮ್ಮಲ್ಲಿ ಆಗಸ್ಟಿನಿಂದಾಚೆಯ ಒಣ ತಿಂಗಳುಗಳಲ್ಲೂ, ಹರಿಯುವ ಹಳ್ಳವಾದರೆ ಅದರ ಎರಡೂ ದಂಡೆಗಳಲ್ಲಿ ನೂರು ನೂರು ಅಡಿ ಯಾರೂ ಮುಟ್ಟುವಂತಿಲ್ಲ. ಬರೀ ಮಳೆ ಬಿದ್ದಾಗ ಹರಿಯುವ ಹಳ್ಳಕ್ಕೆ ಆ ರಕ್ಷಣೆ ಇಲ್ಲ, ಮುಚ್ಚಿಹಾಕಬಹುದು. ಅರ್ಜಿಯಲ್ಲಿ ಅದನ್ನು ಮಳೆಹಳ್ಳ ಎಂದೇ ಬರೆದಿದ್ದರು. ಆಧಾರ ಏನಪ್ಪಾ ಎಂದರೆ ಮೂಲ ಪರವಾನಗಿಯ ಇನ್ನೂರ ಹದಿನಾಲ್ಕನೇ ಪುಟ.

ಹಳೆಯ ಕಡತ ತರಿಸಿ ಆ ಪುಟ ತೆಗೆದೆ. ಅಕ್ಟೋಬರಿನಲ್ಲಿ ಒಂದು ದಿನ, ನವೆಂಬರಿನಲ್ಲಿ ಒಂದು ದಿನ ಲಾರಿದಾರಿ ಹಳ್ಳ ದಾಟುವ ಕಡೆ ನಿಂತು ನೋಡಿದ್ದರು, ನೀರಿರಲಿಲ್ಲ, ಅಷ್ಟೆ. ಅದರ ಕೆಳಗೆ ಪರಿಶೀಲಿಸಿ ಒಪ್ಪಿದವರ ಸಹಿ ಇತ್ತು. ಆ ಸಹಿ ನನ್ನದು.

ಆ ದಿನ ನೆನಪಾಯಿತು. ನಾನೂ ಆ ಲಾರಿದಾರಿಯಲ್ಲಿ ನಿಂತು ಒಣಬಂಡೆ ನೋಡಿ, ಮೇಲಿನ ಅರ್ಧ ಮೈಲಿ ಹತ್ತುವ ಗೋಜಿಗೆ ಹೋಗದೆ ಹಿಂತಿರುಗಿದ್ದೆ. ನಾನೇನು ಬಯಲುಸೀಮೆಯವಳಲ್ಲ, ಪಕ್ಕದ ಕೌಂಟಿಯ ಗುಡ್ಡದಲ್ಲೇ ಹುಟ್ಟಿದವಳು. ಈ ಕಡೆಯ ಹಳ್ಳಗಳು ಒಂದು ಕಡೆ ಬಂಡೆಯಡಿ ಮುಳುಗಿ ಇನ್ನೊಂದು ಕಡೆ ಏಳುತ್ತವೆ ಎಂಬುದು ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು, ಮಧ್ಯಾಹ್ನವೆಲ್ಲ ಅದನ್ನು ಪ್ರಿಂಟರಿನ ಮೇಲೆ ತೀರಿಸಿಕೊಂಡೆ.

ನನ್ನ ಮೇಲಧಿಕಾರಿ ಡೆಲ್ಬರ್ಟ್ ಹತ್ತಿರ ಹೋಗಿ, "ನಾನು ಈಗ್ಲೇ ಹೋಗಿ ಮೇಲೆ ತನಕ ಹತ್ತಿ ನೋಡ್ಬರ್ತೀನಿ" ಎಂದೆ.

"ಮೇ ತಿಂಗಳ ಮಳೇಲಿ ನನ್ನ ಮನೆ ಚರಂಡಿನೂ ಹರಿಯುತ್ತೆ ವರ್ನಾ. ಅದನ್ನೂ ನದಿ ಅಂತ ಬರೀತೀಯಾ?" ಎಂದ ಅವನು. "ಒಪ್ಪಿ ಮುಗ್ಸಿದ್ದನ್ನ ನಾವಾಗೇ ಕೆದಕೋ ಹಾಗಿಲ್ಲ. ಊರವ್ರು ಯಾರಾದ್ರೂ ಗಡುವಿನೊಳಗೆ ಹೊಸ ಸಂಗತಿ ಬರ್ಕೊಟ್ರೆ ನೋಡೋಣ. ಇಲ್ಲಾಂದ್ರೆ ಸುಮ್ನಿರು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಡೆಲ್ಬರ್ಟನ ನೌಕರಿ ಪೂರ್ತಿ ಹಾಗೇ ನಡೆದಿದೆ. ಆದರೆ ಅವನು ಹೇಳಿದ ನಿಯಮ ಸರಿಯೇ ಆಗಿತ್ತು. ಗಡುವು ಜುಲೈ ಕೊನೆಗೆ ಮುಗಿಯುತ್ತಿತ್ತು.

ಬಾವಿಗಳ ಮಟ್ಟ ಅಳೆಯುವ ನೆಪ ನನ್ನ ಕೈಯಲ್ಲೇ ಇತ್ತು. ಜೂನ್ ಎರಡನೇ ವಾರ ಸ್ಪೈಸ್‌ವುಡ್‌ಗೆ ಹೋದೆ. ಕೊಳ್ಳದಲ್ಲಿ ಆರು ಮನೆ, ಆರು ಬಾವಿ. ಮೇಲಿನ ಹಳ್ಳ ಬಂಡೆಯಡಿ ಮುಳುಗಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಉತ್ತರ ಆ ಆರು ಬಾವಿಗಳೇ. ಕೊನೆಯ ಮನೆ ವಿಲ್ಮಾಳದು. ನಲವತ್ತರ ಹೆಂಗಸು, ಮಾತಿನಷ್ಟೇ ಚುರುಕು ಕೈಯೂ. ಅವಳಪ್ಪ ಹೋಬರ್ಟ್ ನೇಪಿಯರ್, ಎಂಬತ್ತೊಂದು ವಯಸ್ಸು, ಪಕ್ಕದ ಟ್ರೇಲರ್ ಮನೆಯಲ್ಲಿದ್ದರು. ಊಟಕ್ಕೆ ಮಾತ್ರ ಮಗಳ ಅಡುಗೆಮನೆಗೆ ಬರುತ್ತಿದ್ದರು. ನನಗೂ ಒಂದು ಬಟ್ಟಲು ಬೀನ್ಸ್, ಒಂದು ತುಂಡು ಮೆಕ್ಕೆಜೋಳದ ಬ್ರೆಡ್ ಮುಂದಿಟ್ಟರು.

ನಾನು ವಿಷಯ ತೆಗೆಯುವ ಮೊದಲೇ ವಿಲ್ಮಾ, "ಗಣಿ ವಿರುದ್ಧ ಸಹಿ ಹಾಕು ಅಂತ ಮಾತ್ರ ನನ್ನ ಕೇಳ್ಬೇಡಿ ಅಕ್ಕಾ" ಎಂದಳು. "ನನ್ನ ಗಂಡ ಅದೇ ಗಣೀಲಿ ಲಾರಿ ಓಡಿಸ್ತಾನೆ. ಪಕ್ಕದ ಮನೆಯವ್ನೂ ಅಲ್ಲೇ. ಎದುರು ಮನೆಯವ್ನೂ ಅಲ್ಲೇ. ಬಾವೀನೂ ಬೇಕು, ಕೆಲ್ಸನೂ ಬೇಕು. ಯಾವ್ದನ್ನ ಬಿಡ್ಲಿ ಹೇಳಿ."

ಅತ್ತ ದರಿ, ಇತ್ತ ಪುಲಿ. ಅವಳನ್ನು ನಾನು ಯಾವ ಬಾಯಲ್ಲಿ ಕೇಳಲಿ. ಅಜ್ಜನ ಕಡೆ ತಿರುಗಿದೆ.

"ಅಜ್ಜ, ಲಾರಿದಾರಿಯಿಂದ ಮೇಲೆ ನೀರಿರುತ್ತಾ?"

"ದೇವ್ರು ಕೊಟ್ಟಾಗ ಇರುತ್ತೆ."

"ಸೆಪ್ಟೆಂಬರಲ್ಲಿ?"

"ನಂಗ್ಯಾಕೆ ಗೊತ್ತಾಗ್ಬೇಕು? ಮಂಡಿನೋವು ಕಣಮ್ಮ, ಕಕ್ಕಸಿಗೆ ಹೋಗೋದೇ ಕಷ್ಟ. ನಾನೆಲ್ಲಿ ಗುಡ್ಡ ಹತ್ಲಿ."

ಬಾಗಿಲ ಬಳಿ ಅವರ ಬೂಟುಗಳಿದ್ದವು. ಅಡಿಗೆ ಕಪ್ಪನೆಯ ಎಲೆಗೊಬ್ಬರದ ಮಣ್ಣು ಮೆತ್ತಿಕೊಂಡಿತ್ತು, ಇನ್ನೂ ಹಸಿ. ಅಂಥ ಮಣ್ಣು ಕೊಳ್ಳದ ಕೆಳಗೆಲ್ಲೂ ಇಲ್ಲ, ಉತ್ತರಕ್ಕೆ ಮುಖಮಾಡಿದ ಮೇಲಿನ ಕಾಡಿನಲ್ಲಿ ಮಾತ್ರ ಇದೆ. ಬೂಟಿನ ಪಕ್ಕದಲ್ಲಿ ಒಂದು ಊರುಗೋಲು, ಅದರ ತುದಿಗೆ ತಟ್ಟಿ ಚಪ್ಪಟೆ ಮಾಡಿದ ಕಬ್ಬಿಣದ ಪಟ್ಟಿ. ನಮ್ಮಪ್ಪನ ಹತ್ತಿರವೂ ಅಂಥದ್ದೊಂದಿತ್ತು. ಅದರಲ್ಲಿ ಅಗೆಯುವುದು ಒಂದನ್ನೇ, ಔಷಧಿಗೆ ಹೋಗುವ ಜಿನ್ಸೆಂಗ್ ಬೇರನ್ನು. ನಾವು ಸ್ಯಾಂಗ್ ಎನ್ನುತ್ತೇವೆ.

ಸ್ಯಾಂಗ್ ಬಗ್ಗೆ ತಿಳಿದಿರಬೇಕಾದ್ದು ಇಷ್ಟು. ಒಂದು ಬೇರು ಬಲಿಯಲು ಎಂಟು ಹತ್ತು ವರ್ಷ ಬೇಕು. ಒಣಗಿಸಿದ ಒಂದು ಪೌಂಡಿಗೆ ಆರೇಳುನೂರು ಡಾಲರ್ ಕೊಡುವವರಿದ್ದಾರೆ. ಹಾಗಾಗಿ ಅದು ಎಲ್ಲಿ ಬೆಳೆದಿದೆ ಎಂದು ಈ ಗುಡ್ಡಗಳಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಅಣ್ಣ ತಮ್ಮನಿಗೆ ಹೇಳುವುದಿಲ್ಲ, ಅಪ್ಪ ಮಗನಿಗೆ ಹೇಳುವುದಿಲ್ಲ. ನಮ್ಮಪ್ಪ ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಸತ್ತ. ನಾವು ಮೂವರು ಮಕ್ಕಳು ಎರಡು ಬೇಸಿಗೆ ಗುಡ್ಡವೆಲ್ಲ ಅಲೆದೆವು, ಸಿಕ್ಕಿದ್ದು ಉಣ್ಣಿಹುಳು ಮಾತ್ರ.

ವಿಲ್ಮಾ ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋದಾಗ ನಾನು ದನಿ ತಗ್ಗಿಸಿ ಕೇಳಿದೆ. "ಮೇಲಿನ ಕಾಡಲ್ಲಿ ಸ್ಯಾಂಗ್ ಯಾರು ಹಾಕಿದ್ದು ಅಜ್ಜ?"

ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. ನಾನು ಯಾರ ಮಗಳು, ಯಾವ ಕೊಳ್ಳದವಳು ಎಂದು ತೂಗಿದರೇನೋ.

"ಆಲ್ಫಾ" ಎಂದರು. ನಾಲ್ಕು ವರ್ಷದ ಹಿಂದೆ ತೀರಿಕೊಂಡ ಹೆಂಡತಿ. "ಮೂವತ್ತೊಂದು ವರ್ಷ ಆಯ್ತು. ಏಪ್ರನ್ ಜೇಬಲ್ಲಿ ಬೀಜ ತಗೊಂಡೋಗಿ ಒಂದೊಂದಾಗಿ ಊರಿದ್ಳು. ಜಮೀನು ನಮ್ದಲ್ಲ, ಯಾವ್ದೋ ದೂರದೂರಿನ ಕಂಪನೀದು. ಅವ್ರು ಯಾವತ್ತೂ ಈ ಕಡೆ ತಲೆ ಹಾಕಿಲ್ಲ. ವಿಲ್ಮಾಗೂ ಗೊತ್ತಿಲ್ಲ."

"ಆಗಾಗ ಹೋಗ್ತೀರಾ?"

"ಮೊದ್ಲಿಂದ ಅವ್ಳ ಜೊತೆ ತಿಂಗಳಿಗೊಂದ್ಸಲ ಹೋಗ್ತಿದ್ದೆ, ಈಗ ಒಬ್ನೇ ಹೋಗ್ತೀನಿ."

ಅಂದರೆ ಮೂವತ್ತೊಂದು ವರ್ಷದ ಪ್ರತಿ ತಿಂಗಳೂ ಆ ಹಳ್ಳವನ್ನು ನೋಡಿದ ಮನುಷ್ಯ ನನ್ನೆದುರು ಕೂತು ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿಕೊಂಡು ತಿನ್ನುತ್ತಿದ್ದರು. ನನ್ನ ಇನ್ನೂರ ಹದಿನಾಲ್ಕನೇ ಪುಟವನ್ನು ಹರಿದು ಬಿಸಾಡಲು ಅವರ ಒಂದು ಮಾತು ಸಾಕು.

"ಬೇಸಿಗೇಲೂ ನೀರಿರುತ್ತೆ ಅಂತ ಒಂದ್ ಸಾಲು ಬರ್ಕೊಡಿ ಅಜ್ಜ."

"ಆ ಕಾಗದ ಎಲ್ಲಿಗೆ ಹೋಗುತ್ತೆ?"

"ನಮ್ಮ ಕಡತಕ್ಕೆ. ಒಂದು ಪ್ರತಿ ಕೋರ್ಟ್‌ಹೌಸಲ್ಲಿ ಇಡ್ತಾರೆ."

"ಅಲ್ಲಿ ಯಾರ್ ಬೇಕಾದ್ರೂ ತೆಗ್ದು ಓದ್ಬೋದು. ಈ ಮುದುಕ ಆ ಕಾಡಿಗೆ ಯಾಕೆ ಹೋಗ್ತಾನೆ ಅಂತ ಗೊತ್ತಾಗೋಗುತ್ತೆ."

"ಹೌದು."

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವರಿಗೂ ಗೊತ್ತು, ನನಗೂ ಗೊತ್ತು. ಸುಮ್ಮನಿದ್ದರೆ ಪರಿಷ್ಕರಣೆ ಪಾಸಾಗುತ್ತದೆ, ಚಳಿಗಾಲದಲ್ಲಿ ಕಲ್ಲುಮಣ್ಣು ಬೀಳುವ ಮುಂಚೆ ಸೆಪ್ಟೆಂಬರಿನಲ್ಲಿ ಹೋಗಿ ಅಷ್ಟನ್ನೂ ಅಗೆದುಕೊಂಡು, ಬೀಜವನ್ನು ಬೇರೆ ಗುಡ್ಡದಲ್ಲಿ ಊರಬಹುದು. ಆಲ್ಫಾಳ ಸ್ಯಾಂಗ್ ಉಳಿಯುತ್ತದೆ, ಮಗಳ ಬಾವಿ ಹೋಗುತ್ತದೆ. ಬಾಯಿ ಬಿಟ್ಟರೆ ಬಾವಿ ಉಳಿಯಬಹುದು, ಸ್ಯಾಂಗ್ ಮಾತ್ರ ಊರಿನವರ ಪಾಲು.

"ಬೀನ್ಸ್ ತಿನ್ನಮ್ಮ, ಆರೋಗುತ್ತೆ" ಎಂದರು.

ಜುಲೈ ಕೊನೆಯ ಮಂಗಳವಾರ, ಗಡುವಿನ ಕೊನೆಯ ದಿನ, ಕೋರ್ಟ್‌ಹೌಸಿನ ಮೇಲಂತಸ್ತಿನಲ್ಲಿ ಅಹವಾಲು ಸಭೆ. ಮೂವತ್ತು ಜನ ಸೇರಿದ್ದರು. ಅದರಲ್ಲಿ ಇಪ್ಪತ್ತು ಜನ ಗಣಿಯವರು, ಕೆಲಸ ಕಳೆದುಕೊಳ್ಳುವ ಭಯ ಮುಖದಲ್ಲೇ ಇತ್ತು, ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಕಂಪನಿಯ ಇಂಜಿನಿಯರ್ ಹ್ಯಾಸ್ಕೆಟ್ ಎಂಬವನು ಬಯಲು ನಾಡಿನವನು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದ. ಅವನು ಮುಗಿಸಿದ ಮೇಲೆ ನಾನು ಇನ್ನು ಯಾರಾದರೂ ಹೇಳುವುದಿದೆಯೇ ಎಂದು ಕೇಳಿದೆ. ನಾನು ಕಾಗದ ಜೋಡಿಸಿಕೊಳ್ಳುತ್ತಿದ್ದೆ, ಆಗ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಬರ್ಟಜ್ಜ ಎದ್ದು ನಿಂತರು. ಪಕ್ಕದಲ್ಲಿದ್ದ ವಿಲ್ಮಾ, "ಅಪ್ಪಾ, ಕೂತ್ಕೋ" ಎಂದು ತೋಳು ಎಳೆದಳು.

"ಆ ಹಳ್ಳ ಬತ್ತಲ್ಲ" ಎಂದರು ಅಜ್ಜ. "ಆಗಸ್ಟಲ್ಲೂ ಬತ್ತಲ್ಲ, ಅಕ್ಟೋಬರಲ್ಲೂ ಬತ್ತಲ್ಲ. ನೀವು ನೋಡಿದ್ದು ಲಾರಿದಾರಿ ಹತ್ರ, ಅಲ್ಲಿ ಅದು ಬಂಡೆ ಕೆಳಗೆ ಹೋಗುತ್ತೆ."

ಹ್ಯಾಸ್ಕೆಟ್ ನಕ್ಕ. "ಎಲ್ಲೋ ಒಂದ್ಸಲ ನೋಡಿರ್ತೀರಿ ತಾತ."

"ಮೂವತ್ತೊಂದು ವರ್ಷ, ತಿಂಗಳಿಗೊಂದ್ಸಲ. ಜನವರೀಲೂ ಹೋಗ್ತೀನಿ."

"ಜನವರೀಲಿ ಆ ಕಾಡಲ್ಲಿ ನಿಮಗೇನು ಕೆಲಸ?"

ಹಿಂದೆ ಯಾರೋ ಕಿಸಕ್ಕೆಂದರು. ಅಷ್ಟರಲ್ಲೇ ನಿಲ್ಲಿಸಿದರು. ಇಡೀ ಕೋಣೆಗೆ ಅರ್ಥವಾಗಿತ್ತು, ಹ್ಯಾಸ್ಕೆಟ್ ಒಬ್ಬನನ್ನು ಬಿಟ್ಟು. ಅವನು ಗೆದ್ದೆನೆಂದುಕೊಂಡು ಮುಂದುವರಿದ. "ಕಾರಣ ಇಲ್ದೆ ಯಾರೂ ಅಷ್ಟು ಸಲ ಹೋಗಲ್ಲ. ಕಾರಣ ಹೇಳದಿದ್ರೆ ಈ ಮಾತು ನಂಬೋದು ಹೇಗೆ? ಕಡತಕ್ಕೆ ಹಾಕೋದು ಹೇಗೆ?"

ಕೇಳಿಸಿಕೊಳ್ಳಲು ಕಷ್ಟವಾಯಿತು, ಆದರೆ ಅವನು ಕೇಳಿದ್ದು ನ್ಯಾಯವೇ. ಆ ಕುರ್ಚಿಯಲ್ಲಿ ನಾನಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

"ನನ್ನ ಹೆಂಡ್ತಿ ಸ್ಯಾಂಗ್ ಇದೆ ಅಲ್ಲಿ" ಎಂದರು ಅಜ್ಜ.

ವಿಲ್ಮಾಳ ಕೈ ಅಪ್ಪನ ತೋಳಿನಿಂದ ಜಾರಿತು. ನಲವತ್ತು ವರ್ಷ ಒಂದೇ ಮನೆಯಲ್ಲಿ ಉಂಡವಳಿಗೆ ಆಗಲೇ ಮೊದಲು ಗೊತ್ತಾದದ್ದು.

"ಯಾರ ಅಪ್ಪಣೆ ತಗೊಂಡು ಹೋಗ್ತಿದ್ರಿ?" ಎಂದ ಹ್ಯಾಸ್ಕೆಟ್.

"ಯಾರದೂ ಇಲ್ಲ. ಕೇಸ್ ಹಾಕೋದಿದ್ರೆ ಹಾಕ್ಲಿ."

ಅವರು ಮುಂದೆ ಬಂದರು. ನಾನು ನಕ್ಷೆ ಬಿಡಿಸಿ ಪೆನ್ಸಿಲ್ ಕೊಟ್ಟೆ. ಹಳ್ಳ ನೆಲದಿಂದ ಏಳುವ ಕಡೆ ಒಂದು ಗುರುತು, ಅದಕ್ಕಿಂತ ಸ್ವಲ್ಪ ಮೇಲೆ, ತಾವು ನಿಂತು ನೋಡುವ ಕಡೆ ಇನ್ನೊಂದು ಗುರುತು. ಕೆಳಗೆ ಹೆಸರು ಬರೆದರು. ಹಿಂದಿನ ಸಾಲಿನವರು ಕೆಲವರು ಎದ್ದು ನಿಂತು ಇಣುಕಿದರು. ನಾನು ನಕ್ಷೆ ಮಡಚಿದೆ. ಮಡಚಿ ಏನು ಬಂತು, ಮರುದಿನ ಬೆಳಿಗ್ಗೆ ಅದರ ಪ್ರತಿಯನ್ನು ಕೋರ್ಟ್‌ಹೌಸಿನ ಕೆಳಗಿನ ಅಂತಸ್ತಿನ ಕಪಾಟಿನಲ್ಲಿ ಇಡಬೇಕಾದವಳೂ ನಾನೇ. ಇಟ್ಟೆ.

ಅಜ್ಜ ಜಾಣ, ಸಭೆ ಮುಗಿದ ಸಂಜೆಯೇ ಹೋಗಿ ಎಲ್ಲವನ್ನೂ ಕಿತ್ತುಕೊಂಡು ಬಂದಿರುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಾಗೆ ಅಂದುಕೊಂಡ ಮೇಲೆ ನಿದ್ದೆಯೂ ಬಂತು.

ಹೊಸ ಸಂಗತಿ ಕಡತಕ್ಕೆ ಬಂದಿತ್ತು, ಇನ್ನು ನಾನು ಹೋಗಿ ಅಳೆಯಬಹುದಿತ್ತು. ಬೇಕೆಂದೇ ಕಾದೆ. ಆಗಸ್ಟ್ ಇಪ್ಪತ್ತಾರಕ್ಕೆ ಮಳೆ ಬಿದ್ದು ಹತ್ತೊಂಬತ್ತು ದಿನವಾಗಿತ್ತು. ಹ್ಯಾಸ್ಕೆಟ್‌ಗೂ ಬರಲು ಹೇಳಿದ್ದೆ, ಅವನು ಬರಲಿಲ್ಲ, ನೀವೇ ನೋಡಿ ಬರೆಯಿರಿ ಎಂದು ಪತ್ರ ಕಳಿಸಿದ. ಅಜ್ಜ ಮುಂದೆ, ನಾನು ಹಿಂದೆ. ಮಂಡಿನೋವಿನ ಮನುಷ್ಯ ಮೇಕೆಯ ಹಾಗೆ ಹತ್ತುತ್ತಿದ್ದರು, ನನಗೆ ಏದುಸಿರು. "ಸರ್ಕಾರಿ ಕುರ್ಚಿ ಮೆತ್ತಗಿರುತ್ತೆ ಅಂತ ಕಾಣುತ್ತೆ" ಎಂದು ಒಮ್ಮೆ ತಿರುಗಿ ಚುಚ್ಚಿದರು. ಲಾರಿದಾರಿಯ ಬಳಿ ಬಂಡೆಗಳು ಒಣಗಿ ಬಿಳಿಚಿಕೊಂಡಿದ್ದವು, ಹನ್ನೆರಡು ವರ್ಷದ ಹಿಂದೆ ನಾನು ನೋಡಿದ್ದ ಹಾಗೆಯೇ. ಅರ್ಧ ಮೈಲಿ ಹತ್ತುವ ಮೊದಲೇ ನೀರಿನ ಸದ್ದು ಕೇಳಿಸಿತು.

ಕೊಳವೆ ಇಟ್ಟು, ಬಕೆಟ್ ಹಿಡಿದು, ಗಡಿಯಾರ ನೋಡಿಕೊಂಡು ಮೂರು ಸಲ ಅಳೆದೆ. ಒಂದು ಗ್ಯಾಲನ್ ತುಂಬಲು ಹದಿನಾಲ್ಕು ಸೆಕೆಂಡು. ಕಲ್ಲು ಎತ್ತಿ ನೋಡಿದರೆ ಅಡಿಯಲ್ಲಿ ವರ್ಷವಿಡೀ ನೀರಿದ್ದರೆ ಮಾತ್ರ ಬದುಕುವ ಹುಳುಗಳು. ಎಲ್ಲವನ್ನೂ ಬರೆದುಕೊಂಡೆ.

"ಸಾಕಾ?" ಎಂದರು ಅಜ್ಜ.

"ಸಾಕು ಅಜ್ಜ. ಇನ್ನು ಈ ಹಳ್ಳಕ್ಕೆ ಒಂದು ಬುಟ್ಟಿ ಮಣ್ಣೂ ಬೀಳಲ್ಲ."

ಆ ಮಾತು ಉಳಿಯಿತು. ಕೊಳ್ಳದ ತಲೆಭಾಗವನ್ನು ಕಂಪನಿ ಅರ್ಜಿಯಿಂದ ಕೈಬಿಡಬೇಕಾಯಿತು, ಬೇರೆ ಪಕ್ಕದ ಮೂವತ್ತು ಎಕರೆಗೆ ಒಪ್ಪಿಗೆ ಸಿಕ್ಕಿ ಗಣಿಯೂ ನಿಲ್ಲಲಿಲ್ಲ. ಹನ್ನೆರಡು ವರ್ಷದ ಹಿಂದಿನ ತಪ್ಪು ನನ್ನದೇ ಎಂದು ವರದಿಯಲ್ಲಿ ಬರೆದೆ. ಆ ಸಾಲು ತೆಗಿ ಎಂದು ಡೆಲ್ಬರ್ಟ್ ಎರಡು ಸಲ ಹೇಳಿದ, ನಾನು ತೆಗೆಯಲಿಲ್ಲ.

ಆದರೆ ಅವೆಲ್ಲ ಆಮೇಲಿನ ಮಾತು. ಅವತ್ತು ಅಲ್ಲಿ ನಾನು ಬಕೆಟ್ ಮಗುಚುತ್ತಿದ್ದಾಗ ಅಜ್ಜ, "ಬಾ, ಇಷ್ಟು ದೂರ ಬಂದಿದೀಯ" ಎಂದು ಇನ್ನೂ ಮೇಲೆ ಕರೆದುಕೊಂಡು ಹೋದರು.

ದೊಡ್ಡ ಮರಗಳ ನೆರಳಿನ ಇಳಿಜಾರು. ನೆಲವೆಲ್ಲ ಗುಂಡಿ. ಮುನ್ನೂರಿರಬಹುದು, ನಾನೂರಿರಬಹುದು. ಒಣಗಿದ ದಂಟುಗಳು ಅಲ್ಲಲ್ಲೇ ಬಿದ್ದಿದ್ದವು. ನನಗೆ ನಿಜವಾಗಿಯೂ ಸಂತೋಷವಾಯಿತು.

"ಒಳ್ಳೇದ್ ಮಾಡಿದ್ರಿ ಅಜ್ಜ, ಅಷ್ಟೂ ಅಗ್ದುಕೊಂಡ್ರಲ್ಲ."

"ನಾನಲ್ಲಮ್ಮ."

ಬಾಗಿ ಒಂದು ದಂಟು ಎತ್ತಿಕೊಂಡೆ. ತುದಿಯಲ್ಲಿ ಹಣ್ಣಿನ ಗೊಂಚಲು ಹಾಗೇ ಇತ್ತು, ಹಸಿರಾಗಿದ್ದಾಗಲೇ ಸುಕ್ಕುಗಟ್ಟಿ ಒಣಗಿತ್ತು.

"ಯಾವಾಗ?"

"ಸಭೆ ಆಗಿ ನಾಲ್ಕನೇ ದಿನ ಬಂದು ನೋಡ್ದೆ. ಆಗ್ಲೇ ಹೀಗಿತ್ತು."

ನನಗೆ ತಡೆಯಲಾಗಲಿಲ್ಲ. ಯಾರ ಮೇಲೆ ಸಿಟ್ಟು ಎಂದೂ ತಿಳಿಯದೆ ಅವರ ಮೇಲೇ ಹರಿಹಾಯ್ದೆ. "ಮೂರು ದಿನ ಇತ್ತಲ್ಲ ಅಜ್ಜ. ಸಭೆಗೆ ಮುಂಚೆ ಒಂದು ತಿಂಗಳಿತ್ತು. ಹೀಗಾಗುತ್ತೆ ಅಂತ ನಿಮಗೆ ಗೊತ್ತಿರ್ಲಿಲ್ವಾ? ನೀವೇ ಬಂದು ಕಿತ್ಕೋಬೋದಿತ್ತಲ್ಲ."

"ಹಣ್ಣು ಹಸಿರಿತ್ತಲ್ಲಮ್ಮ."

ನಾನು ಕೈಯಲ್ಲಿದ್ದ ಗೊಂಚಲನ್ನು ನೋಡಿದೆ.

"ಹಸಿರು ಹಣ್ಣು ಹುಟ್ಟಲ್ಲ" ಎಂದರು, ನನಗೆ ಗೊತ್ತಿಲ್ಲವೇನೋ ಎಂಬಂತೆ ನಿಧಾನವಾಗಿ. "ಕೆಂಪಾಗೋ ತನಕ ಕಾಯ್ಬೇಕು, ಅಗ್ದ ಗುಂಡಿಗೇ ಆ ಹಣ್ಣು ಹಾಕಿ ಮುಚ್ಬೇಕು. ಆಲ್ಫಾ ಮೂವತ್ತೊಂದು ವರ್ಷದಲ್ಲಿ... ಇಲ್ಲ, ಅವ್ಳಿದ್ದಿದ್ದು ಇಪ್ಪತ್ತೇಳು. ಇಪ್ಪತ್ತೇಳು ವರ್ಷದಲ್ಲಿ ಒಂದ್ಸಲನೂ ಅವ್ಳು ಹಸಿರು ಕಿತ್ತಿಲ್ಲ. ಕಾಯಿಲೆ ಬಂದ ವರ್ಷ ಆಸ್ಪತ್ರೆಗೆ ಬೇಕಾಗುತ್ತೆ ಅಂದ್ರೂ ಕೀಳೋಕೆ ಬಿಡ್ಲಿಲ್ಲ. ನಾನ್ ಹೇಗೆ ಕೀಳ್ಲಿ?"

"ನೀವು ಬಿಟ್ರೂ ಬೇರೆಯವ್ರು ಕೀಳ್ತಾರಲ್ಲ."

"ಅವ್ರು ಕಿತ್ರೆ ಅವ್ರು ಕಿತ್ತಂಗೆ. ನಾನ್ ಕಿತ್ರೆ ನಾನ್ ಕಿತ್ತಂಗೆ."

ನಾನು ಅಲ್ಲೇ ಕೆಳಗೆ ಕೂತು ಅತ್ತೆ. ಐವತ್ತು ದಾಟಿದವಳು, ಸರ್ಕಾರದ ಹೆಸರು ಬರೆದ ಟೋಪಿ ಹಾಕಿಕೊಂಡು, ಮಣ್ಣಿನಲ್ಲಿ ಕೂತು ಗೊಳೋ ಎಂದು ಅತ್ತೆ. ಹನ್ನೆರಡು ವರ್ಷದ ಹಿಂದೆ ಇದೇ ಅರ್ಧ ಮೈಲಿ ಹತ್ತಿದ್ದರೆ ಈ ಮನುಷ್ಯ ಯಾರ ಮುಂದೆಯೂ ಬಾಯಿ ಬಿಡಬೇಕಾಗಿರಲಿಲ್ಲ. ಅದನ್ನು ಅವರಿಗೆ ಹೇಳಿಯೂ ಬಿಟ್ಟೆ. ಇನ್ನೂರ ಹದಿನಾಲ್ಕನೇ ಪುಟದ ಸಹಿ ಯಾರದು ಎಂದು ಹೇಳಿದೆ.

ಅವರು ಕೇಳಿಸಿಕೊಂಡರು. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. "ವಿಲ್ಮಾ ಬಾವೀಲಿ ನೀರಿರುತ್ತೆ ತಾನೆ?" ಎಂದು ಕೇಳಿದರು.

"ಇರುತ್ತೆ ಅಜ್ಜ."

"ಹಾಗಾದ್ರೆ ಏಳು, ಹೊತ್ತಾಯ್ತು."

ಕೆಳಗಿಳಿಯಲು ಆ ಇಳಿಜಾರನ್ನು ಅಡ್ಡ ಹಾಯಬೇಕಿತ್ತು. ನೇರ ಹೋದರೆ ಇಪ್ಪತ್ತು ಹೆಜ್ಜೆ. ಅಜ್ಜ ನೇರ ಹೋಗಲಿಲ್ಲ. ಗಿಡಗಳಿದ್ದಾಗ ಹೇಗೆ ಒಂದೊಂದನ್ನೂ ಸುತ್ತಿ ನಡೆಯುತ್ತಿದ್ದರೋ ಹಾಗೆಯೇ ಒಂದೊಂದು ಗುಂಡಿಯನ್ನೂ ಬಳಸಿ, ಯಾವುದನ್ನೂ ತುಳಿಯದೆ ನಡೆದರು. ನಾನು ಅವರ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟು ಹಿಂದೆ ಹೋದೆ.